ಪರದೆಯ ಹಿಂದೆ ಬಿಳಿ ಯಾರು

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಚೆಸ್ ಕ್ಲಬ್ಬಿನಲ್ಲಿ ಪರದೆ ಎಳೆದರು. ಪರದೆಯ ಹಿಂದೆ ಇಬ್ಬರು ಹೆಂಗಸರು ಎದುರುಬದುರಾಗಿ ಕೂತಿದ್ದರು. ಒಬ್ಬಳದು ಕನ್ನಡಕದ ಅಂಗಡಿ. ಇನ್ನೊಬ್ಬಳು ಅವಳ ತಮ್ಮನ ಹೆಂಡತಿ, ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಊರೂರುಗಳ ನಡುವಿನ ಲೀಗಿಗೆ ಹೊರಡುವ ತಂಡದಲ್ಲಿ ನಾಲ್ಕನೇ ಬೋರ್ಡು ಒಂದೇ ಖಾಲಿ ಇತ್ತು. ಗೆದ್ದವಳಿಗೆ ಆ ಜಾಗ. ಡ್ರಾ ಆದರೆ ಕಪ್ಪು ಕಾಯಿ ಆಡಿದವಳಿಗೆ.

ಕ್ಲಬ್ಬು ಇದ್ದದ್ದು ಟೈರ್ ಅಂಗಡಿಯೊಂದರ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ, ಮೇಲೆ ಹೋದರೆ ಚಹಾ ಮತ್ತು ಹಳೆಯ ಮರದ ವಾಸನೆ. ಬೇರೆ ಕ್ಲಬ್ಬುಗಳಲ್ಲಿ ಇಲ್ಲದ ಪದ್ಧತಿಯೊಂದು ಅಲ್ಲಿತ್ತು. ತಂಡದ ಕೊನೆಯ ಜಾಗಕ್ಕೆ ನಡೆಯುವ ಪಂದ್ಯವನ್ನು ಪರದೆಯ ಹಿಂದೆ ಆಡಿಸುತ್ತಿದ್ದರು. ತೀರ್ಪುಗಾರ ಒಳಗೆ ಕೂತು ಒಂದೊಂದೇ ನಡೆಯನ್ನು ಕೂಗುತ್ತಾನೆ. ಹೊರಗೆ ಗೋಡೆಗೆ ತೂಗುಹಾಕಿದ ದೊಡ್ಡ ಬೋರ್ಡಿನಲ್ಲಿ ಒಬ್ಬರು ಕಾಯಿ ಸರಿಸುತ್ತಾರೆ. ಬಿಳಿ ಯಾರು, ಕಪ್ಪು ಯಾರು ಎಂದು ಉಳಿದವರು ಆಟ ನೋಡಿಯೇ ಹೇಳಬೇಕು.

ಇದು ಶುರುವಾದದ್ದು ಒಂದು ಜಗಳದಿಂದ. ನಡೆ ನೋಡಿದರೆ ಸಾಕು, ಆಡಿದ್ದು ಗಂಡೋ ಹೆಣ್ಣೋ ಹೇಳಿಬಿಡುತ್ತೇನೆ ಎಂದು ಬೇಕರಿಯವನು ಒಮ್ಮೆ ಎದೆ ತಟ್ಟಿಕೊಂಡಿದ್ದ. ಕ್ಲಬ್ಬಿನ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಎಲ್ಲರೂ ಅವರನ್ನು ಜಡ್ಜ್ ಸಾಹೇಬರೆಂದೇ ಕರೆಯುತ್ತಿದ್ದರು. "ಸಾಕ್ಷಿ ಇಲ್ಲದೆ ಮಾತು ಬೇಡ" ಎಂದು ಅವರು ಮನೆಯಿಂದ ಹಳೆಯ ಕಿಟಕಿ ಪರದೆಯೊಂದನ್ನು ತಂದು ಕಟ್ಟಿಸಿದರು. ಅಲ್ಲಿಂದೀಚೆಗೆ ಬೇಕರಿಯವನ ಊಹೆ ಅರ್ಧದಷ್ಟು ಸಲ ಸರಿಯಾಗಿತ್ತು, ಅರ್ಧದಷ್ಟು ಸಲ ತಪ್ಪಾಗಿತ್ತು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಆಗುತ್ತಿತ್ತು. ಆದರೆ ಸರಿಯಾದವು ಮಾತ್ರ ಜನರ ಬಾಯಲ್ಲಿ ಉಳಿದವು.

ಪರದೆ ಬಟ್ಟೆಯದು. ಹೊರಗೆ ಕೆಮ್ಮಿದರೂ ಒಳಗೆ ಕೇಳುತ್ತಿತ್ತು. ಇದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ತೀರ್ಪುಗಾರನಾಗಿ ಒಳಗೆ ಕೂತಿದ್ದವನು ದಂತವೈದ್ಯ. ವಾರವಿಡೀ ಜನರಿಗೆ ಬಾಯಿ ತೆಗೀರಿ ಅನ್ನುವವನು ಭಾನುವಾರ ಬಾಯಿ ಮುಚ್ಚಿ ಅನ್ನುತ್ತಿದ್ದ. ಅವನು ಎರಡು ಕಾಲಾಳುಗಳನ್ನು ಮುಷ್ಟಿಯಲ್ಲಿ ಮುಚ್ಚಿ ಮುಂದೆ ಹಿಡಿದ. ಕನ್ನಡಕದ ಅಂಗಡಿಯವಳು ಬಲಗೈ ಮುಟ್ಟಿದಳು. ಬಿಳಿ ಬಂತು.

ಅವಳನ್ನು ಕ್ಲಬ್ಬಿನಲ್ಲಿ 'ಗೋಡೆ' ಎನ್ನುತ್ತಿದ್ದರು. ತಮ್ಮ ಮಾತ್ರ ಅಕ್ಕ ಎನ್ನುತ್ತಿದ್ದ, ಆದರೆ ಗೋಡೆ ಎಂಬ ಹೆಸರು ಇಟ್ಟವನೂ ಅವನೇ. ಅಪ್ಪ ಇಬ್ಬರಿಗೂ ಒಂದೇ ದಿನ ಚೆಸ್ ಕಲಿಸಿದ್ದ. ಒಂದೇ ಆಟ ಕಲಿಸಲಿಲ್ಲ. ಮಗನ ಕಡೆ ಬಿಳಿ ಕಾಯಿ ಇಟ್ಟು, "ನುಗ್ಗು, ಹಿಂದೆ ನೋಡಬೇಡ" ಎಂದ. ಮಗಳ ಕಡೆ ಕಪ್ಪು ಇಟ್ಟು, "ನೀನು ದೊಡ್ಡವಳು, ಅವನು ಹೊಡೀಲಿ, ನೀನು ತಡಿ. ಹೆಣ್ಣುಮಕ್ಕಳ ಬಲ ಇರೋದು ತಾಳಿಕೊಳ್ಳೋದ್ರಲ್ಲಿ" ಎಂದ. ಅಡುಗೆಮನೆಯ ಮೇಜಿನ ಮೇಲೆ ವರ್ಷಗಟ್ಟಲೆ ಹಾಗೇ ನಡೆಯಿತು. ಚೆಂಡು ಹೊಡೆದು ಕೈ ಪಳಗಿಸಿಕೊಳ್ಳುವವನಿಗೆ ಎದುರಿಗೊಂದು ಗೋಡೆ ಬೇಕು. ಕ್ಲಬ್ಬಿಗೆ ಕ್ಯಾಪ್ಟನ್ ಆದಾಗ ತಮ್ಮ ಎಲ್ಲರೆದುರು ಅವಳ ಹೆಗಲ ಮೇಲೆ ಕೈ ಹಾಕಿ, "ಇವಳು ನನ್ನ ಗೋಡೆ" ಎಂದಿದ್ದ. ಅವತ್ತು ಅವಳಿಗೆ ಹೆಮ್ಮೆಯಾಗಿತ್ತು.

ತಮ್ಮನ ಹೆಂಡತಿ ಮದುವೆಯಾದ ಮೊದಲ ತಿಂಗಳೇ ಕ್ಲಬ್ಬಿಗೆ ಬಂದು ಬೇಕರಿಯವನನ್ನು ಚಹಾ ಆರುವುದರೊಳಗೆ ಸೋಲಿಸಿದ್ದಳು. ಗ್ಯಾರೇಜಿನಲ್ಲಿ ಸೋದರಮಾವಂದಿರ ಜೊತೆ ಆಡಿ ಕಲಿತವಳು. ಕಿಂಗ್ಸ್ ಗ್ಯಾಂಬಿಟ್ ಅವಳ ಆಟ: ಎರಡನೇ ನಡೆಯಲ್ಲೇ ರಾಜನ ಪಕ್ಕದ ಕಾಲಾಳನ್ನು ತಿನ್ನು ಎಂದು ಮುಂದಿಟ್ಟು, ಮನೆ ಬಾಗಿಲು ತೆರೆದಿಟ್ಟುಕೊಂಡೇ ಎದುರಾಳಿಯ ಮೇಲೆ ಬೀಳುವುದು. ಸಣಕಲು ಮೈ, ಗೀರಿದರೆ ಹೊತ್ತಿಕೊಳ್ಳುವ ಸ್ವಭಾವ. 'ಬೆಂಕಿಕಡ್ಡಿ' ಎಂಬ ಹೆಸರು ಆ ಸಂಜೆಯೇ ಬಿತ್ತು.

"ಹೇಗೆ! ನನ್ನ ಹೆಂಡ್ತಿ ಗಂಡಸಿನ ಥರ ಆಡ್ತಾಳೆ ರೀ!" ಎಂದು ತಮ್ಮ ಮೇಜು ಕುಟ್ಟಿದ್ದ.

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಹೊಟ್ಟೆಯಲ್ಲಿ ಕೆಂಡ ಬಿದ್ದದ್ದು ಆಗಲೇ. ಶಾಲೆಗೆ ಹೋಗುವಾಗಿನಿಂದ ಅವಳು ಇದೇ ಕೋಣೆಯಲ್ಲಿ ಆಡಿದವಳು. ಸೋಲಬೇಕಾದ ಎಷ್ಟೋ ಆಟಗಳನ್ನು ಹಲ್ಲು ಕಚ್ಚಿ ಉಳಿಸಿ ತಂಡಕ್ಕೆ ಅರ್ಧ ಅಂಕ ತಂದವಳು. ಅವಳಿಗಾಗಿ ತಮ್ಮ ಒಮ್ಮೆಯೂ ಮೇಜು ಕುಟ್ಟಿರಲಿಲ್ಲ. ಉಳಿಸಿಕೊಂಡದ್ದಕ್ಕೆ ಯಾರು ಮೇಜು ಕುಟ್ಟುತ್ತಾರೆ? ಹಿತ್ತಲ ಗಿಡ ಮದ್ದಲ್ಲ.

ಆಮೇಲೆ ಶುಕ್ರವಾರಗಳು ಹೋದವು. ಮೊದಲೆಲ್ಲ ಶುಕ್ರವಾರ ಸಂಜೆ ಲಿಫ್ಟ್ ರಿಪೇರಿಯ ಕೆಲಸ ಮುಗಿಸಿ ತಮ್ಮ ನೇರ ಅವಳ ಅಂಗಡಿಗೆ ಬರುತ್ತಿದ್ದ. ಫ್ರೇಮುಗಳನ್ನು ಇಟ್ಟ ಗಾಜಿನ ಪೆಟ್ಟಿಗೆಯ ಮೇಲೆ ಬೋರ್ಡು ಹಾಸಿ ಇಬ್ಬರೂ ಆಡುತ್ತಿದ್ದರು. ಮದುವೆಯಾದ ಮೇಲೆ ಹೆಂಡತಿಯ ಜೊತೆ ಬಂದ. ಆಡುವುದು ಅವರಿಬ್ಬರು, ಅಕ್ಕ ಲೆನ್ಸ್ ಒರೆಸುತ್ತಾ ನಿಲ್ಲುವುದು. ಒಂದು ಸಂಜೆ ಅವನು ತಲೆ ಎತ್ತದೆಯೇ, "ಅಕ್ಕ, ಇವಳು ಆನೇನ ಹೇಗೆ ತರ್ತಾಳೆ ನೋಡು. ನೋಡಿ ಕಲಿ" ಎಂದ.

ಕಲಿ! ಅವನ ಕೈಯಲ್ಲಿ ಕುದುರೆ ಹಿಡಿಯಲು ಬಾರದಿದ್ದಾಗ ಬೆರಳು ಹಿಡಿದು ತೋರಿಸಿದವಳಿಗೆ ಈ ಮಾತು.

ಹೊಟ್ಟೆಕಿಚ್ಚು ಬಂದವರ ಕಣ್ಣು ಬಲು ಚುರುಕು. ಅಕ್ಕನಿಗೆ ಬೆಂಕಿಕಡ್ಡಿಯ ಒಂದೊಂದು ಚರ್ಯೆಯೂ ಕಾಣುತ್ತಿತ್ತು: ಗೇರ್ ಬದಲಿಸುವ ಹಾಗೆ ಕಾಯಿಯನ್ನು ತಿರುಚಿ ಇಡುವುದು, ಗೆಲ್ಲುವ ಮುಂಚೆ ಮೂಗಿನಲ್ಲೇ ನಗುವುದು, ಗಂಡನ ತಟ್ಟೆಯಿಂದ ಬಿಸ್ಕತ್ತು ತೆಗೆದುಕೊಳ್ಳುವುದು. ಇನ್ನೊಂದೂ ಕಂಡಿತ್ತು. ಸಂಜೆ ದೀಪದ ಬೆಳಕಿನಲ್ಲಿ ಬೋರ್ಡಿನ ಆಚೆ ತುದಿ ನೋಡುವಾಗ ಅವಳು ತಲೆಯನ್ನು ಕೊಂಚ ಎಡಕ್ಕೆ ವಾಲಿಸುತ್ತಿದ್ದಳು. ಎಡಗಣ್ಣಿನಲ್ಲಿ ಸಣ್ಣ ದೋಷ. ತೆಳುವಾದೊಂದು ಲೆನ್ಸ್ ಹಾಕಿದರೆ ಸರಿಹೋಗುವಂಥದ್ದು. ಗಿರಾಕಿಯಾಗಿದ್ದರೆ ಬಾಗಿಲಲ್ಲೇ ಹೇಳಿಬಿಡುತ್ತಿದ್ದಳು. ತಮ್ಮನ ಹೆಂಡತಿಗೆ ವರ್ಷ ಕಳೆದರೂ ಹೇಳಲಿಲ್ಲ.

ಹೇಳುವ ಬದಲು ಅಂಗಡಿಯ ಶಟರ್ ಅರ್ಧ ಇಳಿಸಿ, ಫೋನಿನಲ್ಲಿ ಗುರುತಿಲ್ಲದವರ ಜೊತೆ ಕಿಂಗ್ಸ್ ಗ್ಯಾಂಬಿಟ್ ಆಡತೊಡಗಿದಳು. ಮೊದಲು ಸೋತಳು, ಬೆನ್ನುಬೆನ್ನಿಗೆ ಸೋತಳು. ಬಾಗಿಲು ತೆರೆದಿಟ್ಟ ಮನೆಯಲ್ಲಿ ಕೂತ ಹಾಗೆ ಬೆನ್ನು ತಣ್ಣಗಾಗುತ್ತಿತ್ತು. ಆಮೇಲೆ ಗೆಲ್ಲಲು ಶುರುವಾಯಿತು. ಎದುರಾಳಿಗಳು 'ಸೂಪರ್ ಅಟ್ಯಾಕ್ ಬ್ರೋ' ಎಂದು ಬರೆಯುತ್ತಿದ್ದರು. ಅವಳು 'ಥ್ಯಾಂಕ್ಸ್ ಬ್ರೋ' ಎಂದು ಉತ್ತರಿಸುತ್ತಿದ್ದಳು.

ಚೆಸ್ಸಿನ ಗಂಧಗಾಳಿ ಇಲ್ಲದ ಅವಳ ಗಂಡ ಒಮ್ಮೆ ಅವಳ ಮುಖ ನೋಡಿ ಕೇಳಿದ. "ಯಾರ ಮೇಲಿನ ಸಿಟ್ಟು ಯಾರ ಮೇಲೆ ತೀರಿಸ್ತಿದೀಯ?"

"ಸಿಟ್ಟಲ್ಲ. ಅಭ್ಯಾಸ."

"ಹಂಗಾ? ಹಲ್ಲು ಕಡಿಯೋದು ಕೇಳಿಸ್ತು, ಅದಕ್ಕೆ ಕೇಳಿದೆ."

ಪರದೆಯ ಹಿಂದೆ ದಂತವೈದ್ಯ ಗಡಿಯಾರ ಒತ್ತಿದ. ಅಕ್ಕ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಸರಿಸಿದಳು. ಬೆಂಕಿಕಡ್ಡಿಯೂ ಅದನ್ನೇ ಮಾಡಿದಳು. ಆಗ ಅಕ್ಕ ಪಕ್ಕದ ಕಾಲಾಳನ್ನು ಎತ್ತಿ ಎರಡು ಮನೆ ಮುಂದಿಟ್ಟಳು.

ಬೆಂಕಿಕಡ್ಡಿ ಬೋರ್ಡು ನೋಡಿದಳು. ಆಮೇಲೆ ಅಕ್ಕನ ಮುಖ ನೋಡಿದಳು. ಅವಳ ಹುಬ್ಬು ಮೇಲೇರಿದ್ದು ಇಳಿಯಲೇ ಇಲ್ಲ.

"ಬಿಳಿ, ರಾಜನ ಒಂಟೆಯ ಮುಂದಿನ ಕಾಲಾಳು, ಎರಡು ಮನೆ!" ಎಂದು ದಂತವೈದ್ಯ ಕೂಗಿದ. ಅವನ ದನಿಯೂ ಸ್ವಲ್ಪ ಜಾರಿತು.

ಹೊರಗೆ ಕುರ್ಚಿಗಳು ಕಿರುಗುಟ್ಟಿದವು.

"ಮುಗೀತು!" ತಮ್ಮನ ದನಿ. "ಬಿಳಿ ನನ್ನ ಹೆಂಡ್ತಿ. ಚಹಾ ತರಿಸಿ."

"ಎರಡನೇ ನಡೆಗೇ ಹೇಗೆ ಹೇಳ್ತೀರಿ ಕ್ಯಾಪ್ಟನ್?" ಜಡ್ಜ್ ಸಾಹೇಬರು.

"ಸಾರ್, ನನ್ನ ಅಕ್ಕ ಆ ಕಾಲಾಳನ್ನ ಮುಟ್ಟಿದ್ದು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಅವಳಿಗೆ ಬಾಗಿಲು ಚಿಲಕ ಹಾಕದೆ ನಿದ್ದೆ ಬರಲ್ಲ."

ನಗು ಪರದೆ ದಾಟಿ ಬಂತು. ಅಕ್ಕ ಮುಖ ಅಲುಗಿಸಲಿಲ್ಲ. ಬೆಂಕಿಕಡ್ಡಿ ಬಹಳ ಹೊತ್ತು ಯೋಚಿಸಿ, ಮುಂದಿಟ್ಟ ಕಾಲಾಳನ್ನು ತಿನ್ನದೆ, ತನ್ನ ಇನ್ನೊಂದು ಕಾಲಾಳನ್ನು ಒಂದೇ ಮನೆ ಸರಿಸಿ ಆಸರೆ ಕೊಟ್ಟಳು.

"ನೋಡಿದ್ರಾ? ತಿನ್ನಲಿಲ್ಲ. ಗೋಡೆ ಕಟ್ಟೋಕೆ ಇಟ್ಟಿಗೆ ಇಟ್ಟಾಯ್ತು. ಕಪ್ಪು ನನ್ನ ಅಕ್ಕ, ಬರೆದು ಕೊಡ್ತೀನಿ."

ಆಟ ಸಾಗಿತು. ಬಿಳಿಯ ಕಾಯಿಗಳು ಒಂದೊಂದಾಗಿ ಮುಂದೆ ಬಂದವು. ಕಪ್ಪು ತನ್ನ ರಾಜನನ್ನು ಮೂಲೆಗೆ ಸೇರಿಸಿ, ಸುತ್ತ ಕಾಯಿ ಜೋಡಿಸಿತು. ಹೊರಗೆ ಚಹಾ ಬಂದ ಸದ್ದು, ಬನ್ನಿನ ಕಾಗದ ಬಿಚ್ಚಿದ ಸದ್ದು ಕೇಳಿತು.

"ನಾನು ಅವತ್ತೇ ಹೇಳಿಲ್ವಾ?" ಬೇಕರಿಯವನು ಬಾಯಿ ತುಂಬಿಕೊಂಡೇ ಮಾತಾಡುತ್ತಿದ್ದ. "ಹೆಂಗಸರ ಆಟ ಗೊತ್ತಾಗಿಬಿಡುತ್ತೆ. ಕಪ್ಪು ನೋಡಿ, ಹೇಗೆ ಸೆರಗು ಬಿಗಿದುಕೊಂಡು ಕೂತಿದೆ."

"ಬಿಳಿಯವಳೂ ಹೆಂಗಸೇ ಅಲ್ಲವೇನಯ್ಯಾ?" ಜಡ್ಜ್ ಸಾಹೇಬರು ಕೇಳಿದರು.

"ಅದು ಹೆಂಗಸಿನ ಸಿಟ್ಟು ಸಾರ್. ಇದು ಹೆಂಗಸಿನ ತಾಳ್ಮೆ."

"ಅಂದರೆ ಏನು ಆಡಿದರೂ ಹೆಂಗಸೇ."

"ಅಲ್ವಾ ಮತ್ತೆ!"

"ನೀನು ಹೋದ ವಾರ ಹೀಗೇ ಮೂಲೆ ಸೇರಿಕೊಂಡು ಕೂತಿದ್ದೆಯಲ್ಲ, ಅದು?"

"ಅದು ತಂತ್ರ ಸಾರ್."

ಬೆಂಕಿಕಡ್ಡಿ ಮೂಗಿನಲ್ಲೇ ನಕ್ಕಳು. ದಂತವೈದ್ಯ ತುಟಿಯ ಮೇಲೆ ಬೆರಳಿಟ್ಟ. ಅಕ್ಕನಿಗೂ ನಗು ಬಂತು, ಆದರೆ ಅದೇ ಹೊತ್ತಿಗೆ ತಮ್ಮ ಇನ್ನೊಂದು ಮಾತಾಡಿದ.

"ನಗಬೇಡಿ. ಆ ಕಪ್ಪು ಆಟ ನೋಡಿ ಮೊದಲು. ಎಲ್ಲಾದ್ರೂ ಒಂದು ಸಂದು ಇದೆಯಾ? ನಾನು ಕ್ಯಾಪ್ಟನ್ ಆದೆ, ಕಪ್ಪು ತಗೊಂಡ್ರೆ ಒಬ್ಬರೂ ನನ್ನ ಹತ್ರ ಸುಳಿಯಲ್ಲ, ಬಿಳಿ ತಗೊಂಡ್ರೆ ಎಲ್ಲರ ಮನೆ ಮುರೀತೀನಿ. ಆದ್ರೆ ನನ್ನ ಅಕ್ಕನ್ನ ಮುರಿಯೋಕೆ ಇವತ್ತಿಗೂ ಆಗಿಲ್ಲ ನನ್ನ ಕೈಲಿ. ಚಿಕ್ಕವನಿದ್ದಾಗ ಎಷ್ಟು ಸಲ ಅತ್ತಿದ್ದೀನಿ ಗೊತ್ತಾ? ಎಂಥಾ ಆಟ ಅದು!"

ಅಕ್ಕನ ಕೈ ಕಾಯಿಯ ಮೇಲೆ ಹೋಗುತ್ತಿದ್ದದ್ದು ನಿಂತಿತು.

ಬಾಲ್ಯದಿಂದ ಕಾದಿದ್ದ ಮಾತು. ಕೊನೆಗೂ ಬಂತು, ಎಲ್ಲರೆದುರು ಬಂತು. ಬಂದದ್ದು ಮಾತ್ರ ಬೆಂಕಿಕಡ್ಡಿಯ ನಡೆಗಳಿಗೆ. ಎದುರಿಗೆ ಕೂತಿದ್ದ ಆ ಸಣಕಲಿ ಅಕ್ಕನ ಹೆಸರಿನಲ್ಲಿ ಹೊಗಳಿಸಿಕೊಳ್ಳುತ್ತಿದ್ದಳು. ಅಕ್ಕ ಆಡಿದ ದಾಳಿಗೆ ಸಿಕ್ಕ ಶಾಭಾಸ್ ಕೂಡ ಅವಳ ಹೆಸರಿಗೇ ಜಮೆ. ಎರಡೂ ಕೈಯಿಂದ ಬಾಚಿಕೊಂಡ ಹಾಗೆ. ಗಂಡ, ಶುಕ್ರವಾರ, ಚಪ್ಪಾಳೆ ಸಾಲದೆಂದು ಈಗ ಗೋಡೆಯೂ ಅವಳಿಗೇ ಬೇಕಾಯಿತು!

ಬೆಂಕಿಕಡ್ಡಿ ತಲೆ ತಗ್ಗಿಸಿ ಬೋರ್ಡು ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. ಸಂಕೋಚಕ್ಕೋ ಬೇರೆ ಯಾವುದಕ್ಕೋ ಅಕ್ಕನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಮನಸ್ಸೂ ಇರಲಿಲ್ಲ.

ಇನ್ನು ಕೆಲವು ನಡೆಗಳ ನಂತರ ಅಕ್ಕನಿಗೆ ಅದು ಕಾಣಿಸಿತು.

ಅವಳ ಕುದುರೆ ಕಪ್ಪು ರಾಜನ ಬಾಗಿಲ ಮುಂದೆ ನಿಂತಿತ್ತು. ಅಂಚಿನ ಕಾಲಾಳನ್ನು ಹೊಡೆದು ಕುದುರೆಯನ್ನೇ ಕೊಟ್ಟುಬಿಟ್ಟರೆ? ರಾಜ ಕುದುರೆಯನ್ನು ತಿಂದರೆ ರಾಣಿ ಅಂಚಿಗೆ ಬಂದು ಚೆಕ್. ರಾಜ ಹಿಂದೆ ಸರಿದರೆ, ತೆರೆದ ಸಾಲಿನಲ್ಲಿ ಕಾದು ನಿಂತ ಆನೆ ಮೇಲೆ ಹತ್ತಿ ಅಂಚಿಗೆ ಬರುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ತಿನ್ನದೆ ಬಿಟ್ಟರೆ ಕುದುರೆ ಪಕ್ಕದ ಆನೆಯನ್ನು ನುಂಗುತ್ತದೆ. ಅವಳು ಲೆನ್ಸಿನ ಕೋನ ಅಳೆಯುವವಳ ಹಾಗೆ ಮೊದಲಿಂದ ಕೊನೆಯವರೆಗೆ ಮತ್ತೊಮ್ಮೆ ನೋಡಿದಳು. ಎಲ್ಲೂ ಮಸುಕಿಲ್ಲ. ಗೆಲುವು ನಿಚ್ಚಳವಾಗಿತ್ತು. ಬೇರೆ ಯಾವ ನಡೆ ಆಡಿದರೂ ಕಪ್ಪು ರಾಣಿಗಳನ್ನು ಬದಲಾಯಿಸಿಕೊಂಡು ಸುಧಾರಿಸಿಕೊಳ್ಳುತ್ತಿತ್ತು.

ಅವಳ ಕೈ ಕುದುರೆಯ ಕಡೆ ಹೋಯಿತು.

"ಈಗ ನೋಡಿ," ತಮ್ಮ ಹೊರಗೆ ದನಿ ತಗ್ಗಿಸಿದ. ತಗ್ಗಿಸಿದ ದನಿ ಇನ್ನೂ ಚೆನ್ನಾಗಿ ಕೇಳಿತು. "ಕುದುರೆ ಕೊಡ್ತಾಳೆ. ನನ್ನ ಹೆಂಡ್ತಿ ಕೊಟ್ಟೇ ಕೊಡ್ತಾಳೆ. ಇಂಥಾದ್ದಕ್ಕೇ ಹುಟ್ಟಿರೋದು ಅವಳು."

"ಧೈರ್ಯ ಬೇಕಪ್ಪ ಅದಕ್ಕೆ," ಬೇಕರಿಯವನು.

"ಇದೆ ಅವಳಿಗೆ. ಅಕ್ಕ ಆ ಕಡೆ ಕೂತಿದ್ರೆ ಹಿಂದಕ್ಕೆ ತಗೊಳ್ತಿದ್ಲು, ಪಾಪ."

ಕೈ ಕುದುರೆಯ ಕಿವಿಯಿಂದ ಒಂದು ಬೆರಳಿನಷ್ಟು ದೂರದಲ್ಲಿ ನಿಂತಿತು.

ಹೊರಗೆ ಎಲ್ಲರೂ ಚಪ್ಪಾಳೆ ತಟ್ಟಲು ಕಾಯುತ್ತಿರುವುದು ಅವಳಿಗೆ ಗೊತ್ತಾಗುತ್ತಿತ್ತು. ದಂತವೈದ್ಯ ನಡೆಯನ್ನು ಕೂಗುತ್ತಾನೆ. ತಮ್ಮ ಮೇಜು ಕುಟ್ಟುತ್ತಾನೆ. ಆ ಕುಟ್ಟು, ಆ ಚಪ್ಪಾಳೆ ಬೆಂಕಿಕಡ್ಡಿಯ ಪಾಲು. ನಿಜ, ಪರದೆ ತೆಗೆದ ಮೇಲೆ ಎಲ್ಲರಿಗೂ ತಿಳಿಯುತ್ತದೆ. ಹೆಚ್ಚೆಂದರೆ ಕಾಲು ಗಂಟೆಯ ಮಾತು. ತಲೆ ಇದನ್ನೆಲ್ಲ ಸರಿಯಾಗಿಯೇ ಹೇಳಿತು. ಹೊಟ್ಟೆ ಒಪ್ಪಲಿಲ್ಲ. ಕಾಲು ಗಂಟೆಯಾದರೂ ಯಾಕೆ ಕೊಡಲಿ? ಎಲ್ಲ ಕೊಟ್ಟಾಯಿತು, ಇದನ್ನು ಕೊಡುವುದಿಲ್ಲ. ಈ ಕುದುರೆ ಅವಳ ಹೆಸರಿನಲ್ಲಿ ಓಡಬಾರದು.

ಅಕ್ಕ ಕುದುರೆಯನ್ನು ಎತ್ತಿ ಬಂದ ಮನೆಗೇ ಹಿಂದಕ್ಕೆ ತಂದಿಟ್ಟಳು.

ಬೆಂಕಿಕಡ್ಡಿ ಥಟ್ಟನೆ ತಲೆ ಎತ್ತಿದಳು. ದಂತವೈದ್ಯ ಕೂಗುವ ಮುಂಚೆ ಒಂದು ಕ್ಷಣ ಬೋರ್ಡನ್ನೇ ನೋಡಿದ.

"ಬಿಳಿ, ಕುದುರೆ ಹಿಂದಕ್ಕೆ."

ಹೊರಗೆ ಯಾರೋ ಲೋಟ ಕೆಳಗಿಟ್ಟ ಸದ್ದು ಬಂತು.

"ಅರೆ!" ಎಂದ ಬೇಕರಿಯವನು. "ಈಗೇನಂತೀರಿ ಕ್ಯಾಪ್ಟನ್? ಅಕ್ಕನೇ ಬಿಳಿ ಇರಬಹುದಾ?"

"ಛೆ ಛೆ. ನನ್ನ ಹೆಂಡ್ತಿಗೆ ಏನೋ ಕಂಡಿದೆ. ನಮಗೆ ಕಾಣದೆ ಇರೋದು. ಅವಳು ಸುಮ್ಮನೆ ಹಿಂದಕ್ಕೆ ತಗೊಳ್ಳೋ ಪೈಕಿ ಅಲ್ಲ. ಬಹಳ ಆಳವಾದ ಲೆಕ್ಕ ಇರಬೇಕು."

ಅಕ್ಕ ಕಣ್ಣು ಮುಚ್ಚಿಕೊಂಡಳು. ತಾನು ಹಿಂದೆ ಸರಿದರೆ ಹೆದರಿಕೆ. ಬೆಂಕಿಕಡ್ಡಿ ಹಿಂದೆ ಸರಿದರೆ ಆಳ. ಕುದುರೆ ಒಂದೇ, ಮನೆ ಒಂದೇ. ಮೂಗು ಕೊಯ್ದುಕೊಂಡು ಅಪಶಕುನ ಮಾಡಲು ಹೊರಟವಳಿಗೆ ಮೂಗು ಹೋದದ್ದೇ ಬಂತು.

"ಅಧ್ಯಕ್ಷರು ಏನಂತಾರೆ?" ಬೇಕರಿಯವನು ಕೇಳುತ್ತಿದ್ದ.

"ಬಿಳಿ ಯಾರೇ ಇರಲಿ, ಆಟ ಕೆಟ್ಟದ್ದಲ್ಲ. ಕಪ್ಪು ಯಾರೇ ಇರಲಿ, ಆಟ ಒಳ್ಳೆಯದು," ಎಂದರು ಜಡ್ಜ್ ಸಾಹೇಬರು.

"ಅಡ್ಡಗೋಡೆ ಮೇಲೆ ದೀಪ ಇಟ್ಟರು ಸಾಹೇಬರು!"

ಬೆಂಕಿಕಡ್ಡಿ ರಾಣಿಗಳನ್ನು ಬದಲಾಯಿಸಿಕೊಂಡಳು. ಆನೆಗಳೂ ಹೋದವು. ಅಕ್ಕ ಎಲ್ಲ ಬಗೆಯಲ್ಲೂ ತಡಕಾಡಿದಳು. ಎಲ್ಲ ಬಾಗಿಲಿಗೂ ಚಿಲಕ ಬಿದ್ದಿತ್ತು. ಕೊನೆಗೆ ಇಬ್ಬರು ರಾಜರು, ಬೆರಳೆಣಿಕೆಯ ಕಾಲಾಳುಗಳು ಉಳಿದು ಯಾರೂ ಎಲ್ಲೂ ನುಗ್ಗಲಾರದ ಹಾಗಾಯಿತು. ದಂತವೈದ್ಯ ಗಡಿಯಾರ ನಿಲ್ಲಿಸಿ ಎದ್ದುನಿಂತ.

"ಡ್ರಾ. ನಾಲ್ಕನೇ ಬೋರ್ಡು ಕಪ್ಪಿಗೆ."

"ಅಕ್ಕ!" ಹೊರಗೆ ತಮ್ಮ ಕೂಗಿದ. "ಗೋಡೆ ಗೆದ್ದಿತು ನೋಡಿ! ನಾನು ಹೇಳಿರಲಿಲ್ವಾ?" ಮೇಜು ಕುಟ್ಟಿದ ಸದ್ದು ಕೇಳಿತು. ಒಂದಲ್ಲ, ಎರಡು ಸಲ.

ಪರದೆ ಸರಿಸಿದರು.

ಕಪ್ಪು ಕಾಯಿಗಳ ಹಿಂದೆ ಬೆಂಕಿಕಡ್ಡಿ ಕೂತಿದ್ದಳು. ತಮ್ಮನ ಕೈ ಮೇಜಿನಿಂದ ಮೇಲೆ ಎದ್ದದ್ದು ಅಲ್ಲೇ ಉಳಿಯಿತು. ಅವನು ಹೆಂಡತಿಯನ್ನು ನೋಡಿದ, ಅಕ್ಕನನ್ನು ನೋಡಿದ, ಗೋಡೆಯ ಮೇಲಿನ ದೊಡ್ಡ ಬೋರ್ಡಿನ ಕಡೆ ತಿರುಗಿ ಆಟವೆಲ್ಲ ಹಿಂದಕ್ಕೆ ಓದಿಕೊಳ್ಳುವವನ ಹಾಗೆ ನಿಂತ.

"ಬೇರೆ ಯಾರಾದರೂ ಊಹೆ ಮಾಡುವವರು ಇದ್ದೀರಾ?" ಎಂದು ಜಡ್ಜ್ ಸಾಹೇಬರು ಕೇಳಿದರು. ಬೇಕರಿಯವನು ಬನ್ನಿನ ಕಾಗದಗಳನ್ನು ಬಹಳ ಶ್ರದ್ಧೆಯಿಂದ ಮಡಚತೊಡಗಿದ.

ತಮ್ಮ ಹತ್ತಿರ ಬಂದ. "ಅಕ್ಕ, ಅದು ನೀನಾ? ಆ ಆಟ ಎಲ್ಲಿ ಕಲಿತೆ?"

"ನೋಡಿ ಕಲಿ ಅಂದಿದ್ದೆಯಲ್ಲ."

ಅವನಿಗೆ ಅದು ನೆನಪಿರಲಿಲ್ಲ. ಮುಖದಲ್ಲೇ ಗೊತ್ತಾಗುತ್ತಿತ್ತು. "ಕುದುರೆ ಯಾಕೆ ಕೊಡಲಿಲ್ಲ? ಕೊಟ್ಟಿದ್ದರೆ ಗೆದ್ದಿದ್ದೆ. ಲೀಗಿಗೆ ಬರ್ತಿದ್ದೆ ನಮ್ಮ ಜೊತೆ."

"ಕಾಣಲಿಲ್ಲ ಕಣೋ."

"ನಿನಗೆ ಕಾಣಲಿಲ್ವಾ? ಊರಿಗೆಲ್ಲ ಕನ್ನಡಕ ಕೊಡೋಳಿಗೆ?"

"ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡೆ ಅಂತಿಟ್ಕೋ."

ಅವಳು ಚೀಲ ತೆಗೆದುಕೊಂಡು ಹೊರಟಳು. ಮೆಟ್ಟಿಲಿನ ಅರ್ಧದಲ್ಲಿ, ರಬ್ಬರಿನ ವಾಸನೆ ಶುರುವಾಗುವ ತಿರುವಿನಲ್ಲಿ, ಹಿಂದಿನಿಂದ ಚಪ್ಪಲಿ ಸದ್ದು ಬಂತು.

"ಅತ್ತಿಗೆ, ನಿಲ್ಲಿ."

ಅಕ್ಕ ನಿಂತಳು. ತಿರುಗಲಿಲ್ಲ.

"ನಿಮಗೆ ಕಂಡಿತ್ತು," ಎಂದಳು ಬೆಂಕಿಕಡ್ಡಿ. "ಕೈ ಹೋಗಿತ್ತು ಕುದುರೆ ಮೇಲೆ. ನಾನು ನೋಡಿದೆ. ನನ್ನ ಜೀವ ಬಾಯಿಗೆ ಬಂದಿತ್ತು."

"ಕಂಡ್ರೆ ಏನೀಗ? ಜಾಗ ನಿನಗೆ ಸಿಕ್ತಲ್ಲ. ಹೋಗು, ಅವನು ಕಾಯ್ತಿರ್ತಾನೆ."

"ಇಂಥಾ ಜಾಗ ಬೇಕಾಗಿರಲಿಲ್ಲ ನನಗೆ. ಒಳಗೆ ನನಗೂ ಕಿವಿ ಇತ್ತು ಅತ್ತಿಗೆ. ನಾನು ಬೆವರು ಸುರಿಸಿ ಒಂದೊಂದು ನಡೆ ಆಡ್ತಿದ್ರೆ, ಅವರು 'ನನ್ನ ಅಕ್ಕ, ನನ್ನ ಅಕ್ಕ' ಅಂತ. ಮನೇಲೂ ಅದೇ. ನಾನೊಂದು ಕಾಯಿ ಕಳ್ಕೊಂಡ್ರೆ ಸಾಕು, 'ಅಕ್ಕ ಆಗಿದ್ರೆ ಬಿಡ್ತಿರಲಿಲ್ಲ'. ಉಪ್ಪು ಕಮ್ಮಿಯಾದ್ರೂ ಅಕ್ಕ. ಎಂಥಾ ಆಟ ಅದು ಅಂತ ಮೇಜು ಕುಟ್ಟಿದ್ರಲ್ಲ, ಪರದೆ ತೆಗೆದ ಮೇಲೆ ಕುಟ್ಟಿದ್ರಾ? ನೀವೇ ನೋಡಿದ್ರಲ್ಲ. ಕೈ ಹಾಗೇ ನಿಂತುಹೋಯ್ತು."

ಅಕ್ಕ ತಿರುಗಿದಳು. ಬೆಂಕಿಕಡ್ಡಿಯ ಕಿವಿ ಇನ್ನೂ ಕೆಂಪಗಿತ್ತು. ಈ ಸಲ ಅಕ್ಕನಿಗೆ ಅದು ಯಾವುದರ ಬಣ್ಣವೆಂದು ಗೊತ್ತಾಯಿತು. ತನ್ನ ಮುಖದಲ್ಲಿ ಎರಡು ವರ್ಷದಿಂದ ಇದ್ದ ಬಣ್ಣ ಅದು. ಗುರುತು ಸಿಕ್ಕಿತೆಂದು ಪ್ರೀತಿಯೇನೂ ಉಕ್ಕಲಿಲ್ಲ. ನನ್ನ ತಮ್ಮ ಮನೆಯಲ್ಲಿ ನನ್ನ ಮಾತಾಡುತ್ತಾನೆಯೇ ಎಂದು ಒಂದು ಕ್ಷಣ ಖುಷಿಯಾಯಿತು. ಆ ಖುಷಿ ಇವಳ ಉರಿಯಿಂದ ಬಂದದ್ದೆಂದು ಇನ್ನೊಂದು ಕ್ಷಣ ನಾಚಿಕೆಯಾಯಿತು.

"ನೀನು ಯಾಕೆ ಆ ಕಾಲಾಳು ತಿನ್ನಲಿಲ್ಲ?" ಎಂದು ಕೇಳಿದಳು. "ನಿನ್ನ ಸ್ವಭಾವಕ್ಕೆ ತಿನ್ನಬೇಕಿತ್ತು."

"ಸ್ವಭಾವ ಏನು ಬಂತು ಅತ್ತಿಗೆ? ಅದು ನನ್ನ ಆಟ. ಯಾರಾದ್ರೂ ತಿನ್ನದೆ ಸುಮ್ಮನೆ ಕೂತ್ರೆ ನನಗೆ ಎಷ್ಟು ಕಷ್ಟ ಆಗುತ್ತೆ ಅಂತ ನನಗೇ ಗೊತ್ತಲ್ವಾ. ಕಾರು ಕಲಿಸೋಳು ಬ್ರೇಕ್ ಎಲ್ಲಿದೆ ಅಂತ ತಿಳ್ಕೊಂಡಿರಲ್ವಾ?" ಅವಳು ತಲೆಯನ್ನು ಕೊಂಚ ಎಡಕ್ಕೆ ವಾಲಿಸಿ, ಮೆಟ್ಟಿಲಿನ ಮಬ್ಬು ಬೆಳಕಿನಲ್ಲಿ ಅಕ್ಕನ ಮುಖ ನೋಡಿದಳು. "ನೀವು ಯಾಕೆ ಕೊಡಲಿಲ್ಲ? ನಿಜ ಹೇಳಿ."

ಅಕ್ಕ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು.

"ಚಪ್ಪಾಳೆ ನಿನಗೆ ಬರ್ತಿತ್ತು," ಎಂದಳು.

ಬೆಂಕಿಕಡ್ಡಿ ಒಂದು ಮೆಟ್ಟಿಲು ಕೆಳಗಿಳಿದಳು. ಆಮೇಲೆ ಮೂಗಿನಲ್ಲೇ ನಕ್ಕಳು. ಅಕ್ಕನಿಗೆ ಆ ನಗು ಈಗಲೂ ಇಷ್ಟವಾಗಲಿಲ್ಲ.

"ಶುಕ್ರವಾರ ಅಂಗಡಿಗೆ ಸ್ವಲ್ಪ ಬೇಗ ಬಾ," ಎಂದಳು ಅಕ್ಕ. "ನಿನ್ನ ಎಡಗಣ್ಣು ನೋಡಬೇಕು. ಮೊದಲೇ ಹೇಳಬೇಕಿತ್ತು."

ಶುಕ್ರವಾರ ಸಂಜೆ ಬೆಂಕಿಕಡ್ಡಿ ಬಂದು ಪರೀಕ್ಷೆಯ ಕುರ್ಚಿಯಲ್ಲಿ ಕೂತಳು. ಅಕ್ಕ ಒಂದೊಂದೇ ಗಾಜು ಹಾಕಿ, ಯಾವ ಸಾಲು ಕಾಣುತ್ತದೆ ಎಂದು ಕೇಳುತ್ತಿರುವಾಗ ತಮ್ಮ ಬಂದ. ಅವನು ಗಾಜಿನ ಪೆಟ್ಟಿಗೆಯ ಮೇಲೆ ಬೋರ್ಡು ಹಾಸಿ, ಎಂದಿನ ಹಾಗೆ ಬಿಳಿ ಕಾಯಿಗಳನ್ನು ತನ್ನ ಕಡೆ ಜೋಡಿಸಿಕೊಂಡ. ಕಣ್ಣಿನ ಕೆಲಸ ಮುಗಿಸಿ ಕೈ ಒರೆಸಿಕೊಂಡು ಬಂದ ಅಕ್ಕ ಕೂರುವ ಮುಂಚೆ ಬೋರ್ಡನ್ನು ತಿರುಗಿಸಿದಳು.

"ಇದೇನಕ್ಕಾ?"

"ನೀನು ಕಪ್ಪು. ತಡಿ ನೋಡೋಣ."

ಅವಳು ರಾಜನ ಮುಂದಿನ ಕಾಲಾಳನ್ನು ಸರಿಸಿದಳು, ಆಮೇಲೆ ಅದರ ಪಕ್ಕದ್ದನ್ನು. ಬೆಂಕಿಕಡ್ಡಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಕ್ಕನೆದುರು ಆ ಕಡೆ ಕೂತು ಆಡಿ ತಮ್ಮನಿಗೆ ರೂಢಿ ಇರಲಿಲ್ಲ. ಆಟದ ನಡುವೆ ಅಕ್ಕ ಕುದುರೆ ಕೊಟ್ಟಳು. ಅವನು ಅದನ್ನು ತಿಂದ. ಅಂಗಡಿ ಮುಚ್ಚುವ ಹೊತ್ತಿಗೆ ಸೋತಿದ್ದ.